ಇಂಟರ್ ಆಯ್ತಲ್ಲ, ಇನ್ನೇನು ಅನ್ನೋರಿಗೆ

ಮೊನ್ನೆ ಸಂಕ್ರಾಂತಿ ದಿನ ಎಳ್ಳು ಬೀರೋಕೆ ಅಂತ ನಾಲ್ಕು ಮನೆಗೆ ಹೋಗಿದ್ದೆ. ನಾಲ್ಕು ಮನೇಲೂ ಒಂದೇ ಮಾತು. "ಇನ್ನೂ ಓದ್ತಾನೇ ಅವ್ಳಾ ನಿನ್ ಮಗ್ಳು?" ಒಬ್ರಂತೂ ಕಬ್ಬಿನ ತುಂಡು ಕೈಗಿಡ್ತಾ, "ನಮ್ಮೋಳೂ ಅವ್ಳೂ ಒಟ್ಗೇ ಪಿಯುಸಿ ಮಾಡಿದ್ದಲ್ವಾ? ನಮ್ಮೋಳಿಗೆ ಡಿಗ್ರಿ ಆಯ್ತು, ಮದ್ವೆ ಆಯ್ತು, ಈಗ ಮೂರು ತಿಂಗ್ಳು" ಅಂದ್ರು. ಸಂತೋಷ ಅಂದೆ. ನಿಜವಾಗ್ಲೂ ಸಂತೋಷವೇ, ಹೊಟ್ಟೆಕಿಚ್ಚಿಲ್ಲ. ಆದ್ರೆ ಕೆರೆ ಏರಿ ಪಕ್ಕ ನಡ್ಕೊಂಡು ಬರೋವಾಗ ಆ ಮಾತು ಕಾಲಿಗೆ ಮುಳ್ಳು ಹೊಕ್ಕ ಹಾಗೆ ಚುಚ್ತಾ ಇತ್ತು.

ಯಾಕಂದ್ರೆ ಅದರ ಹಿಂದಿನ ವಾರಾನೇ ಅರಸೀಕೆರೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ತಂದಿದ್ದು ನಮ್ಮಣ್ಣ. ಒಳ್ಳೆ ಜನ, ತೆಂಗಿನ ತೋಟ ಇದೆ, ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ. ಅಣ್ಣ ಹೇಳಿದ್ದು ಇಷ್ಟೇ: "ಇಂಟರ್ ಆಗಿದ್ಯಲ್ಲ, ಇನ್ನೇನು? ಫೈನಲ್ ಬೇಕಾದ್ರೆ ಮದ್ವೆ ಆದ್ಮೇಲೆ ಬರ್ಕೊಳ್ಳಿ. ಅವ್ರು ಬೇಡ ಅನ್ನಲ್ಲ." ನಮ್ಮೆಜಮಾನ್ರೂ ಅರ್ಧ ತಲೆ ಆಡಿಸಿಬಿಟ್ರು. ನಾನು ಕಾಫಿ ಲೋಟ ಎತ್ಕೊಂಡು ಒಳಗೆ ಹೋದೆ. ಆವತ್ತು ಆಡ್ಬೇಕಿದ್ದ ಮಾತನ್ನ ಇವತ್ತು ಬರೀತಿದ್ದೀನಿ. ನಮ್ಮ ಅತ್ತಿಗೆ, ನಾದಿನಿ, ಚಿಕ್ಕಮ್ಮಂದಿರೆಲ್ಲ ಇದನ್ನ ಓದ್ತೀರ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಮೊದಲು ಈ ಸಿ.ಎ. ಅನ್ನೋದು ಏನು ಅಂತ ಒಂದ್ಸಲ ಹೇಳ್ಬಿಡ್ತೀನಿ, ಯಾಕಂದ್ರೆ ನಂಗೂ ಮೂರು ವರ್ಷದ ಕೆಳಗೆ ಗೊತ್ತಿರ್ಲಿಲ್ಲ. ನಾನೂ ಪಿಯುಸಿ ಕಾಮರ್ಸ್ ಓದ್ದೋಳೇ, ಡೆಬಿಟ್ ಕ್ರೆಡಿಟ್ ಗೊತ್ತು, ಅಷ್ಟೇ. ಡಿಗ್ರಿ ಅಂದ್ರೆ ಮೂರು ವರ್ಷ ಕೂತು ಎದ್ರೆ ಮುಗೀತು. ಇದು ಹಾಗಲ್ಲ. ಮೂರು ಮೆಟ್ಟಿಲು: ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್. ಪಿಯುಸಿ ಮುಗಿಸಿ ಸೇರೋರು ಒಂದು ಹತ್ತದೆ ಇನ್ನೊಂದಕ್ಕೆ ಕಾಲಿಡೋ ಹಾಗಿಲ್ಲ. ಪರೀಕ್ಷೆ ನಡೆಸೋದು ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ ಅಂತ, 1949ರ ಕಾಯ್ದೆಯಿಂದ ಆದ ಸಂಸ್ಥೆ. ದೇಶಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ. ಇಂಗ್ಲಿಷಲ್ಲಿ ಬರೀಬೋದು, ಹಿಂದೀಲಿ ಬರೀಬೋದು, ಕನ್ನಡದಲ್ಲಿ ಬರೆಯೋ ಹಾಗಿಲ್ಲ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಮ್ಮಲ್ಲಿ ಓದಿದ ಹಳೇಬೀಡಿನ ಹುಡುಗಿ ಕಾನೂನಿನ ಸೆಕ್ಷನ್ನುಗಳನ್ನ ಇಂಗ್ಲಿಷಲ್ಲಿ ಬರೀಬೇಕು ಅಂದ್ರೆ ಎಷ್ಟು ಒದ್ದಾಡ್ತಾಳೆ ಅಂತ ನೀವೇ ಲೆಕ್ಕ ಹಾಕಿ. ಈ ವಿಷಯಕ್ಕೆ ನಂಗೆ ಈಗ್ಲೂ ಸಿಟ್ಟಿದೆ, ಅದು ಬೇರೆ ಮಾತು.

ಫೌಂಡೇಶನ್ನು ಮೊದಲ್ನೇ ಸಲ ಹೋಯ್ತು. ಅದ್ರಲ್ಲಿ ಎರಡು ಪೇಪರಿಗೆ ತಪ್ಪು ಉತ್ತರ ಗುರುತು ಮಾಡಿದ್ರೆ ಕಾಲು ಅಂಕ ಕಳೀತಾರೆ. ಇವಳು ಒಂದೂ ಬಿಡ್ಬಾರ್ದು ಅಂತ ಎಲ್ಲಕ್ಕೂ ಗುರುತು ಹಾಕಿ ಬಂದಿದ್ಲು. ಸ್ಕೂಲಲ್ಲಿ ನಾವೇ ಕಲಿಸಿದ್ದಲ್ವಾ, ಗೊತ್ತಿಲ್ದಿದ್ರೂ ಏನಾದ್ರೂ ಬರ್ದು ಬಾ ಅಂತ. ಎರಡನೇ ಸಲ, 2023ರ ಜೂನಲ್ಲಿ ಪಾಸಾದ್ಲು.

ಆಮೇಲೆ ಇಂಟರ್. ಇಲ್ಲಿಂದ ನಮ್ಮ ಮನೆ ತಪ್ಪು ಶುರುವಾಗುತ್ತೆ.

2024ರ ಮೇ ತಿಂಗಳಿಂದ ಹೊಸ ಪದ್ಧತಿ ಬಂತು, ಎಂಟು ಪೇಪರ್ ಹೋಗಿ ಆರಾಯ್ತು. ಮೂರು ಮೂರು ಪೇಪರಿನ ಎರಡು ಗ್ರೂಪು. ಒಂದೊಂದು ಪೇಪರಲ್ಲೂ 40 ಬರ್ಲೇಬೇಕು. ಆದ್ರೆ 40 ಬಂದ್ರೆ ಪಾಸಲ್ಲ, ಮೂರೂ ಸೇರಿ ಗ್ರೂಪಲ್ಲಿ ಅರ್ಧ, ಅಂದ್ರೆ 300ಕ್ಕೆ 150 ಬರ್ಬೇಕು. "ಎರಡೂ ಒಟ್ಗೆ ಬೇಡ ಕಣೇ, ಒಂದೊಂದೇ ನಿಧಾನಕ್ಕೆ ಬರಿ" ಅಂದೋಳು ನಾನೇ. ಮೊದಲ ಗ್ರೂಪಿಗೆ ಮಾತ್ರ ಫೀಸು ಕಟ್ಟಿದ್ಲು. ಪರೀಕ್ಷೆ ಮೇ ಮೊದಲ ವಾರ. ಏಪ್ರಿಲಲ್ಲಿ ಜಾವಗಲ್ಲಲ್ಲಿ ನಮ್ಮಣ್ಣನ ಗೃಹಪ್ರವೇಶ. ಮನೆ ಹುಡುಗಿ ಅಂತ ಇರೋಳು ಇವಳೊಬ್ಳೇ. ರಂಗೋಲಿ ಹಾಕೋಕೆ ಇವಳು, ತಾಂಬೂಲದ ಚೀಲ ಕಟ್ಟೋಕೆ ಇವಳು, ಬಂದೋರಿಗೆ ನೀರು ಕೊಡೋಕೆ ಇವಳು. ಹಿಂದೆ ನಾಲ್ಕು ದಿನ, ಮುಂದೆ ನಾಲ್ಕು ದಿನ, ಎರಡು ದಿನ ಸುಸ್ತು. ಪುಸ್ತಕ ತಗೊಂಡೇ ಬಂದಿದ್ಲು, ಪಾಪ. ಆ ಬ್ಯಾಗನ್ನ ಮಂಚದ ಕೆಳಗೆ ತಳ್ಳಿ ಅದ್ರ ಮೇಲೆ ಜಮಖಾನ ಮಡಚಿಟ್ಟೋಳು ನಾನೇ.

ಫಲಿತಾಂಶ ಬಂತು. ಅಕೌಂಟಿಂಗಲ್ಲಿ 45, ಕಾನೂನಲ್ಲಿ 47, ತೆರಿಗೆಯಲ್ಲಿ 52. ಒಟ್ಟು 144.

ನಮ್ಮತ್ತೆ ಕೇಳಿದ್ರು, "ಮೂರ್ರಲ್ಲೂ ಪಾಸಾಗೈತಲ್ಲ, ಮತ್ಯಾಕೆ ಅಳ್ತಾಳೆ?" ಅವ್ರಿಗೆ ಏನಂತ ಹೇಳೋದು. ಆರು ಅಂಕ ಕಡಿಮೆ. ಒಂದ್ರಲ್ಲಾದ್ರೂ 60 ಬಂದಿದ್ರೆ ಆ ಒಂದು ಪೇಪರನ್ನ ಮತ್ತೆ ಬರೆಯೋದು ತಪ್ಪೋದು. ಅದೂ ಇಲ್ಲ. ಮೂರೂ ಮತ್ತೆ ಮೊದಲಿಂದ. ಇವಳು ಮಾತ್ರ ನನ್ನ ಮೇಲೆ ಒಂದು ಮಾತೂ ಆಡ್ಲಿಲ್ಲ. ಬೈದಿದ್ರೆ ಹಗುರ ಆಗ್ತಿದ್ದೆ. ಆರು ಅಂಕ, ಹತ್ತು ದಿನ. ಈಗ್ಲೂ ಅಣ್ಣನ ಮನೆ ಹೊಸ್ತಿಲು ದಾಟುವಾಗ ನಂಗೆ ಅದೇ ಲೆಕ್ಕ ತಲೇಲಿ ಬರುತ್ತೆ.

ಸೆಪ್ಟೆಂಬರಲ್ಲಿ ಇವಳು ನಮ್ಮನ್ನ ಕೇಳ್ದೇನೇ ಎರಡೂ ಗ್ರೂಪಿಗೆ ಕಟ್ಟಿದ್ಲು. ಎರಡೂ ಒಟ್ಟಿಗೆ ಬರೆದ್ರೆ ಪೇಪರಿಗೆ 40 ಇದ್ದು 600ಕ್ಕೆ 300 ಆದ್ರೆ ಸಾಕಂತೆ, ಒಂದ್ರಲ್ಲಿ ಕಡಿಮೆ ಬಿದ್ದಿದ್ದನ್ನ ಇನ್ನೊಂದು ತುಂಬ್ಕೊಳುತ್ತೆ. ನಾನು ಬುದ್ಧಿವಂತಿಕೆ ಅಂತ ಹೇಳಿದ್ದ "ಒಂದೊಂದೇ ಬರಿ" ಅನ್ನೋ ಮಾತು ಎಷ್ಟು ದುಬಾರಿ ಅಂತ ಆಗ ತಿಳೀತು. ಎಲ್ರೂ ಎರಡೂ ಬರೀಬೇಕು ಅಂತ ನಾನು ಹೇಳ್ತಿಲ್ಲ, ತಯಾರಿ ಇಲ್ದೆ ಬರೆದ್ರೆ ಎರಡೂ ಹೋಗುತ್ತೆ. ಅದನ್ನ ತೀರ್ಮಾನ ಮಾಡ್ಬೇಕಾದೋಳು ಓದೋಳು, ಒಲೆ ಮುಂದೆ ನಿಂತೋಳಲ್ಲ ಅಂತ ಮಾತ್ರ ಹೇಳ್ತಿದ್ದೀನಿ.

ಆ ಸಲ ಗೌರಿ ಹಬ್ಬ ಸೆಪ್ಟೆಂಬರ್ 6ಕ್ಕೆ, ಪರೀಕ್ಷೆ 12ರಿಂದ. ನಾನು ಬಾಗಿನ ತಗೊಂಡು ಒಬ್ಳೇ ಬಂದಿದ್ದು ನಿಮ್ಗೆಲ್ಲ ನೆನಪಿರ್ಬೋದು. "ಮಗ್ಳೆಲ್ಲಿ, ಸೊಕ್ಕಾ?" ಅಂತ ಒಬ್ರು ಕೇಳಿದ್ರು. ಜ್ವರ ಅಂತ ಸುಳ್ಳು ಹೇಳಿದ್ದೆ, ಗೌರಮ್ಮ ಕ್ಷಮಿಸ್ಲಿ. ಅವಳು ಅಟ್ಟದ ರೂಮಲ್ಲಿ ಕೂತು ಟ್ಯಾಕ್ಸ್ ಬರೀತಿದ್ಲು. ಮೊದಲ ಗ್ರೂಪಲ್ಲಿ 148, ಎರಡನೇದ್ರಲ್ಲಿ 161. ಒಂಟಿಯಾಗಿ ಬರೆದಿದ್ರೆ ಆ 148 ಮತ್ತೆ ಫೇಲೇ. ಒಟ್ಟಿಗೆ ಬರೆದಿದ್ದಕ್ಕೆ 309 ಆಗಿ ಎರಡೂ ದಾಟಿದ್ಲು.

ಫೌಂಡೇಶನ್ನಿಗೂ ಇಂಟರಿಗೂ ಈಗ ವರ್ಷಕ್ಕೆ ಮೂರು ಸಲ ಪರೀಕ್ಷೆ: ಜನವರಿ, ಮೇ, ಸೆಪ್ಟೆಂಬರ್. ಕ್ಯಾಲೆಂಡರ್ ತೆಗೆದು ನೋಡಿ. ಜನವರಿ ಅಂದ್ರೆ ಸಂಕ್ರಾಂತಿ, ಮನೆ ತುಂಬ ಅವರೆಕಾಯಿ ಬಿಡಿಸೋ ಕೆಲಸ. ಮೇ ಅಂದ್ರೆ ಮದುವೆ ಕಾಲ. ಸೆಪ್ಟೆಂಬರ್ ಅಂದ್ರೆ ಗೌರಿ ಗಣೇಶ, ಪಕ್ಷದ ಅಡುಗೆ. ಗಂಡು ಮಕ್ಕಳಿಗೆ ಇದು ಗೊತ್ತೇ ಆಗಲ್ಲ. ಹೆಣ್ಣು ಮಗಳು ಮನೇಲಿದ್ರೆ ಪರೀಕ್ಷೆ ಇದ್ರೂ "ಒಂದು ಗಳಿಗೆ ಬಾರೇ" ಅಂತೀವಿ. 2025ರ ಜನವರೀಲಿ ಸಂಕ್ರಾಂತಿ ದಿನ ಬಿದ್ದಿದ್ದ ಫೌಂಡೇಶನ್ ಪೇಪರನ್ನ ಆ ಇನ್‌ಸ್ಟಿಟ್ಯೂಟಿನೋರೇ 14ರಿಂದ 16ಕ್ಕೆ ಮುಂದೆ ಹಾಕಿದ್ರು. ದೇಶದ ಪರೀಕ್ಷೆ ನಮ್ಮ ಹಬ್ಬಕ್ಕೆ ಎರಡು ದಿನ ಸರಿಯುತ್ತೆ, ನಮ್ಮ ಗೃಹಪ್ರವೇಶ ಒಂದು ಹುಡುಗಿಯ ಪರೀಕ್ಷೆಗೆ ಸರಿಯಲ್ಲ.

ಈಗ ಅಣ್ಣನ ಮಾತಿಗೆ ಬರ್ತೀನಿ. ಇಂಟರ್ ಆದ್ಮೇಲೆ ಎರಡು ವರ್ಷ ಒಬ್ಬ ಆಡಿಟರ ಹತ್ರ ಆರ್ಟಿಕಲ್‌ಶಿಪ್ ಮಾಡ್ಬೇಕು, ಮುಂಚೆ ಮೂರು ವರ್ಷ ಇತ್ತು. ಇವಳು ಹಾಸನದಲ್ಲಿ ಮಾಡ್ತಿದ್ದಾಳೆ. ಬೆಳಿಗ್ಗೆ ಬಸ್ಸು, ರಾತ್ರಿ ಬಸ್ಸು. ಜುಲೈ ಬಂತಂದ್ರೆ ರಿಟರ್ನ್ಸ್, ಸೆಪ್ಟೆಂಬರ್ ಬಂತಂದ್ರೆ ಆಡಿಟ್, ಮನೆಗೆ ಬರೋದು ಎಷ್ಟೊತ್ತಿಗೋ. ಇದ್ರ ಮಧ್ಯ ಆನ್‌ಲೈನಲ್ಲಿ ತಾವೇ ಓದಿ ಬರೆಯೋ ನಾಲ್ಕು ಪರೀಕ್ಷೆ ಬೇರೆ. ಆರ್ಟಿಕಲ್‌ಶಿಪ್ ಮುಗಿದ ಮೇಲೆ ಆರು ತಿಂಗಳು ಓದಿಗೆ ಅಂತ ಬಿಡುವು, ಆಮೇಲೆ ಫೈನಲ್. ಅಂದ್ರೆ 2027ರ ಕೊನೆ. ಅಲ್ಲೀವರೆಗೆ ಇವಳು ಆಡಿಟರ್ ಅಲ್ಲ. "ಇಂಟರ್ ಆಗಿದ್ಯಲ್ಲ" ಅನ್ನೋದು, ಇಡ್ಲಿ ಹಿಟ್ಟು ರುಬ್ಬಿ ಆಗಿದ್ಯಲ್ಲ ಇನ್ನೇನು ಅಂದ ಹಾಗೆ. ಬೇಯಿಸ್ದೆ ಬಿಟ್ರೆ ಮೂರನೇ ದಿನಕ್ಕೆ ಹುಳಿ.

ಹುಳಿ ಆಗೋದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಈ ಓದಿನಲ್ಲಿ ಹಳೇ ಪುಸ್ತಕ ನಡೆಯಲ್ಲ. ಪ್ರತಿ ವರ್ಷ ಬಜೆಟ್ಟಲ್ಲಿ ತೆರಿಗೆ ಬದಲಾಗುತ್ತೆ, ಆ ಬದಲಾವಣೆ ಪರೀಕ್ಷೆಗೂ ಬರುತ್ತೆ. ಈಗಂತೂ 1961ರ ಆದಾಯ ತೆರಿಗೆ ಕಾಯ್ದೆಯೇ ಹೋಗಿ, 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಇವಳು ಕಣ್ಣು ಕೆಂಪಗೆ ಮಾಡ್ಕೊಂಡು ಬಾಯಿಪಾಠ ಮಾಡಿದ್ದ ಸೆಕ್ಷನ್ ನಂಬರುಗಳೆಲ್ಲ ಹಳೇವು. ಮದುವೆ, ಹೊಸ ಮನೆ, ಬಸಿರು ಬಾಣಂತನ ಅಂತ ಮೂರು ವರ್ಷ ಆಚೆ ಹೋದ್ರೆ ತಿರುಗಿ ಬಂದಾಗ ಕಾಯೋದು ಬೇರೇನೇ ಪುಸ್ತಕ. ಫೈನಲಲ್ಲಿ ಕೊನೇ ಪೇಪರ್ ಪುಸ್ತಕ ತೆರೆದಿಟ್ಕೊಂಡೇ ಬರೆಯೋದು ಅಂತ ಕೇಳಿ ನಮ್ಮ ಅತ್ತಿಗೆ, "ಅಯ್ಯೋ, ಹಂಗಾರೆ ಸುಲ್ಬ" ಅಂದ್ರು. ಅತ್ತಿಗೆ, ಅಡುಗೆ ಪುಸ್ತಕ ಮುಂದಿಟ್ಟ ಮಾತ್ರಕ್ಕೆ ಹಿತಕಿದ ಬೇಳೆ ಸಾರು ಆಗುತ್ತಾ? ಎಲ್ಲ ವಿಷಯಾನೂ ಒಂದೇ ಲೆಕ್ಕದಲ್ಲಿ ಕಲಸಿ ಕೇಳ್ತಾರಂತೆ, ಯಾವ ಪುಟ ತೆಗೀಬೇಕು ಅಂತ ಗೊತ್ತಿರೋಳಿಗೆ ಮಾತ್ರ ಪುಸ್ತಕದಿಂದ ಉಪಯೋಗ.

ಮದುವೆ ಆಗಿ ಫೈನಲ್ ಬರೆದು ಪಾಸಾದೋರು ಇದ್ದಾರೆ, ಇಲ್ಲ ಅನ್ನಲ್ಲ. ಅಂಥ ಅತ್ತೆಮಾವಂದಿರಿಗೆ ಕೈ ಮುಗೀತೀನಿ. ಆದ್ರೆ "ಅವ್ರು ಬೇಡ ಅನ್ನಲ್ಲ" ಅನ್ನೋದಕ್ಕೂ "ನೀನು ಕೂತು ಓದು, ನಾನು ಮುದ್ದೆ ತಿರುವ್ತೀನಿ" ಅನ್ನೋದಕ್ಕೂ ಎಷ್ಟು ದೂರ ಅಂತ ನಮ್ಗೆ ಗೊತ್ತಿಲ್ವಾ? ನಾವೆಲ್ಲ ಸೊಸೆಯಾಗಿ ಬಂದೋರೇ ಅಲ್ವಾ? ನಂಗೂ ಡಿಗ್ರಿ ಕಟ್ಟಿಸ್ತೀವಿ ಅಂದಿದ್ರು. ಯಾರೂ ಬೇಡ ಅನ್ಲಿಲ್ಲ. ಪುರುಸೊತ್ತು ಮಾತ್ರ ಯಾರೂ ಕೊಡ್ಲಿಲ್ಲ.

ಮಗಳು ಒಂದ್ಸಲ ಒಬ್ಬರ ಕಥೆ ಹೇಳಿದ್ಲು. ಆರ್. ಶಿವಭೋಗಂ ಅಂತ, ಮದ್ರಾಸಿನೋರು. ಸ್ವಾತಂತ್ರ್ಯ ಚಳವಳೀಲಿ ಜೈಲಿಗೆ ಹೋಗಿ ಬಂದು, 1933ರಲ್ಲಿ ಲೆಕ್ಕಪತ್ರದ ಸರ್ಕಾರಿ ಪರೀಕ್ಷೆ ಮುಗಿಸಿ ದೇಶದ ಮೊದಲ ಹೆಣ್ಣು ಆಡಿಟರ್ ಆದೋರು. ಈ ಇನ್‌ಸ್ಟಿಟ್ಯೂಟ್ ಹುಟ್ಟೋಕೆ 16 ವರ್ಷ ಮುಂಚೆ. ಕಥೆ ಮುಗಿಸಿ ಇವಳು ನಕ್ಕಳು: "ಅಮ್ಮ, ಜೈಲಲ್ಲಿ ಗೃಹಪ್ರವೇಶ ಇರಲ್ಲ ನೋಡು." ತಮಾಷೆಗೇ ಅಂದಿದ್ದು. ನಂಗೆ ನಗು ಬರ್ಲಿಲ್ಲ.

ಇವಳಿಗೇ ಮದುವೆ ಬೇಕು ಅನ್ಸಿದ್ರೆ ಅದು ಬೇರೆ. ಹಾಗಂತ ಅವಳನ್ನ ಕೇಳಿದೆ, ಮೊದಲ್ನೇ ಸಲ. ಅಲ್ಲೀವರೆಗೆ ನಮ್ಮನೇಲಿ ಎಲ್ರೂ ಮಾತಾಡಿದ್ವಿ, ಅವಳನ್ನ ಬಿಟ್ಟು. "ಹುಡುಗ ಚೆನ್ನಾಗೇ ಇದ್ದಾನಮ್ಮ. ಆದ್ರೆ ಫೈನಲ್ ಬರೀದೆ ನಾನು ಎಲ್ಲಿ ಹೋದ್ರೂ ಇಂಟರ್ ಆಗಿರೋ ಹುಡುಗಿ ಅಷ್ಟೇ" ಅಂದ್ಲು.

ಅಣ್ಣನಿಗೆ ನಾನೇ ಫೋನ್ ಮಾಡಿದೆ. 2027ರ ಕೊನೇವರೆಗೂ ಮದುವೆ ಮಾತಿಲ್ಲ, ಕಾಯ್ತೀವಿ ಅಂದ್ರೆ ಸಂತೋಷ, ಆಗಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳ್ಲಿ ಅಂತ ಅಂದೆ. ಅಣ್ಣ ಸ್ವಲ್ಪ ಹೊತ್ತು ಸುಮ್ನಿದ್ದು, "ಯೋಳ್ತೀನಿ" ಅಂತ ಇಟ್ಟ. ಆ ಕಡೆಯಿಂದ ಇನ್ನೂ ಸುದ್ದಿ ಇಲ್ಲ. ನಮ್ಮೆಜಮಾನ್ರು ಎರಡು ದಿನ ನನ್ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಮೂರನೇ ದಿನ ಅಟ್ಟದ ರೂಮಿನ ಟ್ಯೂಬ್‌ಲೈಟು ಮಿಣಮಿಣ ಅಂತಿತ್ತಂತೆ, ತಾವೇ ಹೋಗಿ ಹೊಸದು ತಂದು ಹಾಕಿದ್ರು.

ಮುಂದಿನ ತಿಂಗಳು ನಮ್ಮ ನಾದಿನಿ ಮನೇಲಿ ನಾಮಕರಣ ಇದೆ. ನಾನು ಎರಡು ದಿನ ಮುಂಚೆನೇ ಬಂದು ಒಬ್ಬಟ್ಟಿಗೆ ಕೂರ್ತೀನಿ. ಅವಳು ಆ ಹೊತ್ತಿಗೆ ಬಂದು, ಮಗೂನ ನೋಡಿ, ಊಟ ಮಾಡಿ, ಸಾಯಂಕಾಲದ ಬಸ್ಸಿಗೆ ವಾಪಸ್ಸು. ಯಾರೂ ಇನ್ನೊಂದಿನ ಉಳ್ಕೋ ಅಂತ ಕೈ ಹಿಡೀಬೇಡಿ.