ಪೆನ್ನು ಮಾರಿ ನೋಡೋಣ!

ಹೋದ ತಿಂಗಳು ಅಂಧೇರಿಯ ಒಂದು ಕಂಪೆನಿಗೆ ಸೇಲ್ಸ್ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ರಾತ್ರಿಯಿಡೀ ಇಂಗ್ಲಿಷ್ ವಾಕ್ಯಗಳನ್ನು ಉರು ಹೊಡೆದೆ. ಮ್ಯಾನೇಜರರು ಜೇಬಿನಿಂದ ಪೆನ್ನು ತೆಗೆದು, "ಇದನ್ನು ನನಗೆ ಮಾರಿ ನೋಡೋಣ" ಅಂದರು. ನಾನು ಪೆನ್ನನ್ನು ಹೊಗಳಿದ್ದೇ ಹೊಗಳಿದ್ದು. ಅವರು ನಕ್ಕು, "ನನಗೆ ಪೆನ್ನು ಬೇಕೋ ಬೇಡವೋ ಕೇಳಲೇ ಇಲ್ಲವಲ್ಲ?" ಅಂದರು. ಕೆಲಸ ಸಿಗಲಿಲ್ಲ.

ಲೋಕಲ್‌ನಲ್ಲಿ ವಾಪಸು ಬರುವಾಗ ಹೊಳೆಯಿತು, ತಪ್ಪು ನನ್ನ ಇಂಗ್ಲಿಷಿನದಲ್ಲ. ಗಿರಾಕಿಯ ಮಾತು ಕೇಳದವನು ಯಾವ ಭಾಷೆಯಲ್ಲೂ ಮಾರಲಾರ. ನಮ್ಮ ಚಾಳಿನ ಕಿರಾಣಿ ಅಂಗಡಿಯವನು "ಎಷ್ಟು ಜನಕ್ಕೆ ಅಡುಗೆ?" ಅಂತ ಕೇಳಿಯೇ ಅಕ್ಕಿ ತೂಗುತ್ತಾನೆ. ಅವನು ಯಾವ ಕಾಲೇಜಿಗೆ ಹೋಗಿದ್ದ?

ಕೇಳುವ ಹಕ್ಕು ನಮಗೂ ಉಂಟು. ಪಗಾರ ಎಷ್ಟು, ಕಮಿಷನ್ ಎಷ್ಟು, ಟಾರ್ಗೆಟ್ ಮುಟ್ಟದಿದ್ದರೆ ಏನು ಗತಿ, ತಿರುಗಾಟದ ಖರ್ಚು ಯಾರದು — ನಾಚಿಕೆ ಬಿಟ್ಟು ಕೇಳಿ. 'ಮೊದಲು ಡೆಪಾಸಿಟ್ ಕಟ್ಟಿ' ಎಂದರೆ ಎದ್ದು ಬನ್ನಿ.

'ನಮಗೆಲ್ಲಿ ಇಂಗ್ಲಿಷ್ ಬರುತ್ತೆ' ಎಂದು ಅರ್ಜಿಯನ್ನೇ ಹಾಕದೆ ಕೂತ ಮಿತ್ರರೇ, ಹಾಕಿ. ನಾಡಿದ್ದು ನನಗೆ ಇನ್ನೊಂದು ಇಂಟರ್‌ವ್ಯೂ. ಈ ಸಲ ಪೆನ್ನು ಕೊಟ್ಟರೆ ಮೊದಲು ಕೇಳುವುದು ಇಷ್ಟೇ: "ಸಾರ್, ನೀವು ದಿನಾ ಏನೇನು ಬರೀತೀರಿ?"