ಗರಡಿಯ ಸಾಧನೆಯೂ ಮನೋಧೈರ್ಯವೂ

ಗರಡಿಯ ಮನೆಯು ಮೈಯನ್ನು ಬೆಳೆಯಿಸುವ ಸ್ಥಳವೆಂದು ಮಾತ್ರ ತಿಳಿದವರು ಅದರ ಅರ್ಧವನ್ನಷ್ಟೇ ಕಂಡವರು. ನಸುಕಿನಲ್ಲೆದ್ದು, ಕೆಮ್ಮಣ್ಣನ್ನು ಅಗೆದು ಹದಗೊಳಿಸಿ, ದಂಡ ಬಸ್ಕಿಗಳನ್ನು ಹೊಡೆದು, ಗದೆಯನ್ನು ತಿರುವಿ, ಆಮೇಲೆ ತನಗಿಂತ ಬಲಿಷ್ಠನಾದವನೊಡನೆ ಸೆಣಸುವ ಹುಡುಗನು ಕಲಿಯುವ ಮೊದಲ ಪಾಠವು ಪಟ್ಟಿನದಲ್ಲ. ‘ಇನ್ನು ಆಗದು’ ಎಂದು ಮನಸ್ಸು ಕೂಗುವಾಗ ಉಸಿರನ್ನು ಹಿಡಿತದಲ್ಲಿಟ್ಟು ಮುಂದಿನ ಎಣಿಕೆಯನ್ನು ಪೂರೈಸುವುದೇ ಆ ಪಾಠ. ಇದನ್ನು ಕಲಿತವನು ಎದುರಾಳಿಯ ಕೆಳಗೆ ಸಿಕ್ಕಿಬಿದ್ದಾಗಲೂ ಎದೆಗೆಡುವುದಿಲ್ಲ.

ಈ ವಿಚಾರವು ನಮ್ಮ ನಾಡಿಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಆಹಾರ, ಭಾರವೆತ್ತುವ ಶ್ರಮ, ನಡಿಗೆ, ಈಜು, ಕಂಬದ ಸಾಧನೆ ಇವೆಲ್ಲವೂ ಹೇಳಲ್ಪಟ್ಟಿವೆ. ಶ್ರಮದ ಜೊತೆಗೆ ಪೋಷಣೆಯನ್ನೂ ಹೇಳಿದ ಆ ಅರಸನ ವಿವೇಕವು ಗಮನಾರ್ಹವಾದುದು.

ಏಕೆಂದರೆ ಕಠೋರತೆಯನ್ನೇ ಶಿಕ್ಷಣವೆಂದು ಭ್ರಮಿಸುವವರೂ ಇದ್ದಾರೆ. ತಪ್ಪಿದ ಹುಡುಗನಿಗೆ ದಂಡನೆಯಾಗಿ ಲೆಕ್ಕವಿಲ್ಲದ ಬಸ್ಕಿಗಳನ್ನು ವಿಧಿಸುವುದು, ಬಾಯಾರಿದವನಿಗೆ ನೀರನ್ನು ನಿರಾಕರಿಸುವುದು, ಇವುಗಳಿಂದ ಧೈರ್ಯವು ಹುಟ್ಟೀತೇ? ರೂಢಿಯಿಲ್ಲದ ದೇಹಕ್ಕೆ ಒಮ್ಮೆಲೇ ಅತಿಶ್ರಮವಾದರೆ ಮಾಂಸಖಂಡಗಳು ಒಡೆದು, ಅವುಗಳ ದ್ರವ್ಯವು ರಕ್ತದಲ್ಲಿ ಬೆರೆತು ಮೂತ್ರಪಿಂಡಗಳನ್ನು ಕೆಡಿಸಬಹುದೆಂಬುದು ವೈದ್ಯರಿಗೆ ತಿಳಿದ ಸಂಗತಿ. 1997ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಅಮೆರಿಕೆಯ ಮೂವರು ಕಾಲೇಜು ಮಲ್ಲರು ತೂಕವನ್ನಿಳಿಸಲೆಂದು ಅನ್ನನೀರುಗಳನ್ನು ಮಿತಗೊಳಿಸಿ, ಬೆವರು ಆರದ ಉಡುಪನ್ನು ತೊಟ್ಟು ಶ್ರಮಿಸುತ್ತ ಪ್ರಾಣವನ್ನೇ ನೀಗಿದರು. ಮರುವರ್ಷ ಅಲ್ಲಿ ಅಂಥ ಉಡುಪು ನಿಷಿದ್ಧವಾಯಿತು. ಆ ತರುಣರಲ್ಲಿ ಛಲಕ್ಕೆ ಕೊರತೆಯಿರಲಿಲ್ಲ. ಛಲಕ್ಕೆ ಕಡಿವಾಣ ಹಾಕುವ ಹಿರಿಯರ ವಿವೇಕವೇ ಅಲ್ಲಿ ಸಾಲದೆ ಹೋಯಿತು.

ಆದುದರಿಂದ ಉಸ್ತಾದರ ಹೊಣೆಯು ದೊಡ್ಡದು. ಹುಡುಗನ ವಯಸ್ಸನ್ನೂ ಶಕ್ತಿಯನ್ನೂ ನೋಡಿ ಎಣಿಕೆಯನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸತಕ್ಕದ್ದು. ನೀರು, ನಿದ್ರೆ, ವಿಶ್ರಾಂತಿಗಳನ್ನು ಸಾಧನೆಯ ಅಂಗಗಳೆಂದೇ ಎಣಿಸತಕ್ಕದ್ದು. ದಣಿವು ಯಾವುದು, ನೋವು ಯಾವುದು ಎಂಬ ಭೇದವನ್ನು ಶಿಷ್ಯನಿಗೆ ತಿಳಿಸಿ, ದಣಿವನ್ನು ಮೀರಲೂ ನೋವನ್ನು ಮರೆಮಾಚದೆ ಹೇಳಲೂ ಕಲಿಸತಕ್ಕದ್ದು. ಅಂಜಿಕೆಯಿಂದ ಬಸ್ಕಿ ಹೊಡೆದವನು ಉಸ್ತಾದರ ಕಣ್ಣು ತಪ್ಪಿದೊಡನೆ ನಿಲ್ಲಿಸುವನು. ತಾನಾಗಿಯೇ ಒಪ್ಪಿ ಹೊಡೆದವನು ಒಬ್ಬನೇ ಇದ್ದಾಗಲೂ ಎಣಿಕೆಯನ್ನು ತಪ್ಪಿಸನು.

ತಂದೆತಾಯಿಗಳೇ, ಮಕ್ಕಳನ್ನು ಗರಡಿಗೆ ಕಳುಹಿಸಿರಿ. ಅಲ್ಲಿ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ನೋಡಿರಿ. ತರುಣರೇ, ಶ್ರಮಕ್ಕೆ ಹಿಂಜರಿಯದಿರಿ. ನಾಡಿಗೆ ಬೇಕಾದುದು ಮುರಿದ ಮೈಯಲ್ಲ, ಮಣಿಯದ ಮನಸ್ಸು.