ನೂರು ಗಂಟೆ ನಿಂತು ನೋಡುವ ಕೆಲಸ

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಕನ್ನಡ ಕೂಟದ ಸಮಿತಿಯವರಿಗೆ ಒಂದೇ ಥರದ ಫೋನುಗಳು ಬರತೊಡಗುತ್ತವೆ. "ನಮ್ಮ ಹುಡುಗಿ ಪಿ.ಟಿ. ಸ್ಕೂಲಿಗೆ ಅಪ್ಲೈ ಮಾಡ್ತಿದಾಳೆ ಸಾರ್. ಯಾರಾದ್ರೂ ಫಿಸಿಕಲ್ ಥೆರಪಿಸ್ಟ್ ಗೊತ್ತಿದ್ರೆ ಹೇಳಿ, ಒಂದಿಷ್ಟು ಅವರ್ಸ್ ಬೇಕಿತ್ತು." ಮನೆಯಲ್ಲಿ ಸಕ್ಕರೆ ಮುಗಿದಿದೆ, ಒಂದು ಲೋಟ ಇದ್ದರೆ ಕೊಡಿ ಎಂದು ಪಕ್ಕದ ಮನೆಯವರನ್ನು ಕೇಳುವ ಧಾಟಿ ಅದು. ಕೇಳುವವರು ಅಪ್ಪ, ಇಲ್ಲವೇ ಅಮ್ಮ. ಅವರ್ಸ್ ಬೇಕಾಗಿರುವ ಹುಡುಗಿಯ ದನಿ ಹಿಂದಿನಿಂದಲೂ ಕೇಳಿಸುವುದಿಲ್ಲ.

ಡಾಕ್ಟರು, ಎಂಜಿನಿಯರು ಎಂಬ ಎರಡೇ ಹಳಿಗಳನ್ನು ಬಿಟ್ಟು ನಮ್ಮ ಮಕ್ಕಳು ಬೇರೆ ದಾರಿ ನೋಡುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಈ ಗಂಟೆಗಳ ವಿಷಯದಲ್ಲಿ ನಾವು ದೊಡ್ಡವರು ನಡೆದುಕೊಳ್ಳುತ್ತಿರುವ ರೀತಿ ಸರಿಯಿಲ್ಲ ಅನ್ನಿಸಿ, ಈ ಸಲದ ಸಂಚಿಕೆಯಲ್ಲಿ ಅದನ್ನೇ ಬರೆಯುತ್ತಿದ್ದೇನೆ.

ಊರಿನಲ್ಲಿ ಪಿ.ಯು.ಸಿ. ಮುಗಿಸಿದವರು ನೇರವಾಗಿ ಬಿ.ಪಿ.ಟಿ. ಎಂಬ ಫಿಸಿಯೋಥೆರಪಿ ಪದವಿಗೆ ಸೇರುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಮೊದಲು ನಾಲ್ಕು ವರ್ಷದ ಡಿಗ್ರಿ, ಅದರ ಮೇಲೆ ಸಾಮಾನ್ಯವಾಗಿ ಮೂರು ವರ್ಷದ ಡಾಕ್ಟರ್ ಆಫ್ ಫಿಸಿಕಲ್ ಥೆರಪಿ, ಕೊನೆಗೆ ಲೈಸೆನ್ಸ್ ಪರೀಕ್ಷೆ. ಬಹುಪಾಲು ಕಾಲೇಜುಗಳಿಗೆ ಅರ್ಜಿ ಹೋಗುವುದು ಪಿ.ಟಿ.ಕ್ಯಾಸ್ ಎಂಬ ಒಂದೇ ಬಾಗಿಲಿನಿಂದ. ಅಲ್ಲಿ ಅನಾಟಮಿ, ಫಿಸಿಕ್ಸ್, ಕೆಮಿಸ್ಟ್ರಿ, ಸ್ಟಾಟಿಸ್ಟಿಕ್ಸ್ ಅಂಕಗಳ ಜೊತೆಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಬೇಕು: ಎಲ್ಲಿ, ಎಂಥ ರೋಗಿಗಳ ನಡುವೆ, ಯಾವ ಥೆರಪಿಸ್ಟ್ ಜೊತೆ ಎಷ್ಟು ಗಂಟೆ ಇದ್ದಿರಿ? ಕೆಲವು ಕಾಲೇಜುಗಳಿಗೆ ಆ ಥೆರಪಿಸ್ಟ್ ದೃಢೀಕರಣವೂ ಬೇಕು. ಕೆಲವರು ನೂರು ಗಂಟೆ ಕೇಳುತ್ತಾರೆ, ಕೆಲವರು ಅದಕ್ಕಿಂತ ಕಡಿಮೆ, ಕೆಲವರು ಹೆಚ್ಚು, ಇನ್ನು ಕೆಲವರು ಕೇಳುವುದೇ ಇಲ್ಲ. 2020ರಲ್ಲಿ ಕೋವಿಡ್ ಬಂದು ಆಸ್ಪತ್ರೆಗಳು ಹೊರಗಿನವರನ್ನು ಒಳಗೆ ಬಿಡದಾದಾಗ ಹಲವು ಕಡೆ ನಿಯಮ ಸಡಿಲವಾಯಿತು. ಕೆಲವು ಕಡೆ ಆ ಸಡಿಲಿಕೆ ಹಾಗೆಯೇ ಉಳಿದಿದೆ.

"ಹಾಗಾದರೆ ಕೇಳದ ಕಾಲೇಜುಗಳಿಗೇ ಹಾಕಿದರಾಯಿತಲ್ಲ?" ಎಂದು ಒಬ್ಬ ತಂದೆ ನನ್ನನ್ನು ಕೇಳಿದ್ದುಂಟು. ಆಗಬಹುದು. ಆದರೆ ಈ ಓದಿನ ಖರ್ಚು ಎಷ್ಟೋ ಕಡೆ ಒಂದು ಲಕ್ಷ ಡಾಲರ್ ದಾಟುತ್ತದೆ. ಓದು ಮುಗಿಸಿದವರ ಸಂಬಳ, ಸರ್ಕಾರದ 2024ರ ಅಂಕಿಯಂತೆ, ನಡುಮಟ್ಟದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ. ಹೊಸದಾಗಿ ಸೇರಿದವರಿಗೆ ಅಷ್ಟೂ ಸಿಗುವುದಿಲ್ಲ. ಇಷ್ಟು ಸಾಲದ ಹೊರೆ ಹೊರುವ ಮುನ್ನ ಆ ಕೆಲಸ ನಿಜವಾಗಿ ಹೇಗಿರುತ್ತದೆಂದು ಪುಕ್ಕಟೆಯಾಗಿ ನೋಡುವ ಅವಕಾಶವನ್ನು ಯಾಕೆ ಬಿಡಬೇಕು? ಮನೆ ಕೊಳ್ಳುವಾಗ ತಾರಸಿ ಹತ್ತಿ ನೋಡದೆ ಸಹಿ ಹಾಕುವವರಲ್ಲ ನಾವು.

ಎಲ್ಲಿ ನೋಡುತ್ತಾರೆ ಅನ್ನುವುದೂ ಮುಖ್ಯ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಈ ವೃತ್ತಿಯ ಪರಿಚಯವಾಗುವುದು ಅವರವರ ಮಂಡಿಯಿಂದ. ಸಾಕರ್ ಆಡುವಾಗಲೋ ಭರತನಾಟ್ಯದ ಅರಂಗೇಟ್ರಂ ತಾಲೀಮಿನಲ್ಲೋ ಪೆಟ್ಟಾಗಿ, ಕ್ಲಿನಿಕ್ಕಿನಲ್ಲಿ ರಬ್ಬರ್ ಪಟ್ಟಿ ಎಳೆದು, ಸೈಕಲ್ ತುಳಿದು ಗುಣವಾಗಿರುತ್ತಾರೆ. ಥೆರಪಿಸ್ಟ್ ಅಕ್ಕ ಚೆನ್ನಾಗಿ ಮಾತಾಡಿಸಿರುತ್ತಾರೆ. ತಾನೂ ಆಟಗಾರರಿಗೆ ಥೆರಪಿ ಕೊಡಬೇಕೆಂಬ ಆಸೆ ಅಲ್ಲೇ ಹುಟ್ಟುತ್ತದೆ. ಒಳ್ಳೆಯ ಆಸೆ, ಆದರೆ ಪೂರ್ತಿ ಚಿತ್ರವಲ್ಲ. ಈ ವೃತ್ತಿ ಇಲ್ಲಿ ಬೇರು ಬಿಟ್ಟಿದ್ದು ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಎಬ್ಬಿಸಿ ನಡೆಸಲು ತರಬೇತಾದ ಹೆಣ್ಣುಮಕ್ಕಳಿಂದ. ಮೇರಿ ಮೆಕ್‌ಮಿಲನ್ ಮೊದಲ ಅಧ್ಯಕ್ಷೆಯಾಗಿ 1921ರಲ್ಲಿ ಅವರ ಸಂಘ ಶುರುವಾಯಿತು. ಆಮೇಲೆ ಪೋಲಿಯೋ ಪೀಡಿತ ಮಕ್ಕಳು ಬಂದರು. ಇವತ್ತು ಆ ಜಾಗದಲ್ಲಿ ವಯಸ್ಸಾದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ: ಮಂಡಿ ಬದಲಿಸಿಕೊಂಡವರು, ಸೊಂಟದ ಮೂಳೆ ಮುರಿದುಕೊಂಡವರು, ಲಕ್ವ ಹೊಡೆದವರು, ಪಾರ್ಕಿನ್ಸನ್ ಇರುವವರು.

ಆದ್ದರಿಂದ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಮೊದಲ ವಾರ ಸ್ಪೋರ್ಟ್ಸ್ ಕ್ಲಿನಿಕ್ ಬೇಡ. ಆಸ್ಪತ್ರೆಯ ಒಳರೋಗಿಗಳ ವಾರ್ಡಿಗೋ ನರ್ಸಿಂಗ್ ಹೋಮಿಗೋ ಹೋಗಲಿ.

ಅಲ್ಲಿ ಏನು ಕಾಣುತ್ತದೆ? ಲಕ್ವ ಹೊಡೆದ ಹಿರಿಯರೊಬ್ಬರನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸುವುದೇ ಅವತ್ತಿನ ಕೆಲಸವಿರಬಹುದು. ಥೆರಪಿಸ್ಟ್ ಮೊದಲು ಬಿ.ಪಿ. ನೋಡುತ್ತಾರೆ. ಮೂತ್ರದ ಕೊಳವೆ, ಡ್ರಿಪ್ಪಿನ ನಳಿಕೆಗಳು ಎಳೆಯದಂತೆ ಸರಿಮಾಡುತ್ತಾರೆ. ರೋಗಿಯ ಸೊಂಟಕ್ಕೆ ಅಗಲವಾದ ಬೆಲ್ಟ್ ಬಿಗಿಯುತ್ತಾರೆ. ಬೀಳುವ ಹಾಗಾದರೆ ಹಿಡಿಯಬೇಕಾದ್ದು ಆ ಬೆಲ್ಟನ್ನೇ ಹೊರತು ರೋಗಿಯ ತೋಳನ್ನಲ್ಲ. ಪಕ್ಕಕ್ಕೆ ಹೊರಳಿಸಿ, ಕಾಲು ಇಳಿಬಿಟ್ಟು, ಭುಜಕ್ಕೆ ಆಸರೆ ಕೊಟ್ಟು ನಿಧಾನಕ್ಕೆ ಕೂರಿಸುತ್ತಾರೆ. ಹಿರಿಯರು ಒಂದು ಕಡೆಗೆ ವಾಲುತ್ತಾರೆ, ಸರಿಪಡಿಸಿದರೆ ಮತ್ತೆ ವಾಲುತ್ತಾರೆ. ಸಿಟ್ಟಿಗೇಳುತ್ತಾರೆ. ಕೆಲವೊಮ್ಮೆ ಬಟ್ಟೆ ಒದ್ದೆಯಾಗುತ್ತದೆ, ಆಗ ನರ್ಸನ್ನು ಕರೆದು ಕಾಯಬೇಕು. ಮಲಗಿಸಿ ಬಂದಮೇಲೆ ಕಂಪ್ಯೂಟರ್ ಮುಂದೆ ಕೂತು, ಎಷ್ಟು ನಿಮಿಷ, ಎಷ್ಟು ಆಸರೆ, ಏನು ಸುಧಾರಣೆ ಎಂದು ವಿಮೆಯವರು ಒಪ್ಪುವ ಭಾಷೆಯಲ್ಲಿ ಬರೆಯಬೇಕು.

ಇಷ್ಟೂ ಹೊತ್ತು ನಮ್ಮ ಹುಡುಗಿ ಗೋಡೆಗೆ ಒತ್ತಿಕೊಂಡು ನಿಂತಿರುತ್ತಾಳೆ. ರೋಗಿಯನ್ನು ಮುಟ್ಟುವ ಹಾಗಿಲ್ಲ, ಮೊಬೈಲ್ ತೆಗೆಯುವ ಹಾಗಿಲ್ಲ. ರೋಗಿಗಳ ಗುಟ್ಟು ಕಾಯುವ ಹಿಪಾ ಕಾನೂನು 1996ರಿಂದ ಇರುವುದರಿಂದ, ಯಾರನ್ನು ನೋಡಿದೆನೆಂದು ಮನೆಗೆ ಬಂದು ಹೇಳುವ ಹಾಗೂ ಇಲ್ಲ. "ಇವತ್ತು ಏನಾಯ್ತು ಪುಟ್ಟಿ?" ಎಂದು ಕೇಳುವ ಅಮ್ಮಂದಿರು ಇದನ್ನು ದಯವಿಟ್ಟು ಗಮನಿಸಬೇಕು. ಇದನ್ನೆಲ್ಲ ನೋಡಿ ಕೆಲವರು ಎರಡನೇ ವಾರಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸಿದರೆ ಮನೆಯವರು ಸೋತು ಬಂದಳೆಂಬ ಮುಖ ಮಾಡಬಾರದು. ಮೂರು ವರ್ಷ ಮತ್ತು ಒಂದು ಲಕ್ಷ ಡಾಲರ್ ಉಳಿಸಿದವಳು ಅವಳು.

ಇನ್ನು ಸಹಿಯ ಮಾತು. "ನಮ್ಮವರೇ ಒಬ್ಬರ ಕ್ಲಿನಿಕ್ ಇದೆ, ಇಪ್ಪತ್ತು ಗಂಟೆ ಮಾಡಿದರೆ ಅರವತ್ತು ಅಂತ ಬರೆದುಕೊಡುತ್ತಾರೆ" ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಸಹಿ ಹಾಕುವವರು ತಮ್ಮ ಲೈಸೆನ್ಸನ್ನೇ ಅಡವಿಡುತ್ತಿರುತ್ತಾರೆ, ಅರ್ಜಿದಾರರು ತಮ್ಮ ಹೆಸರನ್ನು. ಸುಳ್ಳು ಹಿಡಿಯುವುದೂ ಕಷ್ಟವಲ್ಲ. ಸಂದರ್ಶನದಲ್ಲಿ ಮೇಷ್ಟ್ರು, "ನೀವು ನೋಡಿದ ಒಂದು ಕಷ್ಟದ ಪ್ರಸಂಗ ಹೇಳಿ, ಥೆರಪಿಸ್ಟ್ ಆಗ ಏನು ಮಾಡಿದರು?" ಎಂದು ಕೇಳಿದರೆ ಸಾಕು, ಇಲ್ಲದ ನಲವತ್ತು ಗಂಟೆ ಬಯಲಾಗುತ್ತದೆ. ನಮ್ಮಲ್ಲಿ ಪರಿಚಯದ ಮೇಲೆ ಕೆಲಸ ಮಾಡಿಸಿಕೊಳ್ಳುವ ಅಭ್ಯಾಸ ಹಳೆಯದು. ಅದನ್ನು ಗ್ಯಾಸ್ ಸಿಲಿಂಡರ್ ಕಾಲಕ್ಕೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ಪರಿಚಯ ಬೇಡವೇ ಬೇಡ ಎನ್ನುತ್ತಿಲ್ಲ. ಬಾಗಿಲು ತೋರಿಸುವುದಕ್ಕೆ ಪರಿಚಯ ಬೇಕೇ ಬೇಕು. ನಮ್ಮ ಸದಸ್ಯರಲ್ಲಿ ಆಸ್ಪತ್ರೆ, ಶಾಲೆ, ಮನೆ ಭೇಟಿಯ ಥೆರಪಿಯಲ್ಲಿ ದುಡಿಯುವವರಿದ್ದಾರೆ. ಕರ್ನಾಟಕದಲ್ಲಿ ಬಿ.ಪಿ.ಟಿ. ಮಾಡಿ ಬಂದು, ಇಲ್ಲಿ ಪದವಿಯ ಮೌಲ್ಯಮಾಪನ, ಲೈಸೆನ್ಸ್ ಪರೀಕ್ಷೆ ಎಲ್ಲ ದಾಟಿ ನೆಲೆ ನಿಂತವರೂ ಇದ್ದಾರೆ. ವಿದ್ಯಾರ್ಥಿಗಳ ಫೋನ್ ತೆಗೆದುಕೊಳ್ಳಲು ಒಪ್ಪಿದವರ ಪಟ್ಟಿಯೊಂದನ್ನು ಈ ವರ್ಷದಿಂದ ಸಮಿತಿ ಇಟ್ಟುಕೊಳ್ಳುತ್ತದೆ. ಷರತ್ತು ಒಂದೇ: ಫೋನ್ ಮಾಡಬೇಕಾದವರು ವಿದ್ಯಾರ್ಥಿಗಳೇ, ಅಪ್ಪ ಅಮ್ಮ ಅಲ್ಲ.

ಮಾಡುವವರು ಬೇಗ ಮಾಡಬೇಕು. ಪಿ.ಟಿ.ಕ್ಯಾಸ್ ಅರ್ಜಿ ಸಾಮಾನ್ಯವಾಗಿ ಜೂನ್ ತಿಂಗಳ ನಡುವೆ ತೆರೆಯುತ್ತದೆ. ದಿನಕ್ಕೆ ನಾಲ್ಕು ಗಂಟೆಯಂತೆ ನಿಂತರೂ ನೂರು ಗಂಟೆಗೆ ಇಪ್ಪತ್ತೈದು ದಿನ ಬೇಕು. ಅದಕ್ಕೂ ಮೊದಲು ಆಸ್ಪತ್ರೆಯವರು ಟಿ.ಬಿ. ಪರೀಕ್ಷೆ, ಲಸಿಕೆಗಳ ದಾಖಲೆ, ಒಂದಿಷ್ಟು ತರಬೇತಿ ಕೇಳುತ್ತಾರೆ. ಕೆಲವು ಕಡೆ ಹದಿನೆಂಟು ತುಂಬಿರಬೇಕು. ಈ ಕಾಗದಪತ್ರಗಳಿಗೇ ವಾರಗಟ್ಟಲೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಫೋನ್ ಮಾಡುತ್ತಾರೆ, ಜಾಗ ಸಿಗುವುದು ಕಷ್ಟ. ಚಳಿಗಾಲದ ರಜೆಯಲ್ಲಿ ಮಾಡಿದರೆ ಸಿಕ್ಕೀತು.